ಗೊಬ್ಬರದ ಸಾರ ಹೊಲದಲ್ಲಿ ಹೋಯಿತೋ, ಕೊಟ್ಟಿಗೆಯಲ್ಲೇ ಹೋಯಿತೋ?

ಓದುಗರ ಪ್ರಶ್ನೆ: ನಾನು ತಿಪಟೂರು ಕಡೆಯ ರೈತ. ಮೂರು ಎಚ್‌ಎಫ್ ಮಿಶ್ರತಳಿ ಹಸು, ಒಂದು ನಾಟಿ ಹಸು ಇವೆ. ಎರಡೂವರೆ ಎಕರೆ ಕೆಂಪು ಮಣ್ಣಿನ ಹೊಲದಲ್ಲಿ ಮಳೆ ನಂಬಿ ರಾಗಿ ಹಾಕುತ್ತೇವೆ. ಪಕ್ಕದಲ್ಲಿ 50 ತೆಂಗಿನ ಮರ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ತಿಪ್ಪೆ ಗೊಬ್ಬರವನ್ನು ಟ್ರ್ಯಾಕ್ಟರಿನಲ್ಲಿ ಹೊಡೆಸಿ ಹೊಲದ ತುಂಬ ಸಣ್ಣ ಗುಡ್ಡೆ ಹಾಕಿಸುತ್ತೇನೆ. ಮಳೆ ಬಿದ್ದು ಹದವಾದಾಗ ಎರಚಿ ಉಳುತ್ತೇವೆ. ನಮ್ಮ ತಂದೆಯ ಕಾಲದಿಂದಲೂ ಹೀಗೇ. ಈಗ ಮಗ ಮೊಬೈಲಿನಲ್ಲಿ ಹಾಲೆಂಡಿನ ವಿಡಿಯೊ ತೋರಿಸುತ್ತಾನೆ. ಅಲ್ಲಿ ಯಂತ್ರ ಗೊಬ್ಬರವನ್ನು ಮಣ್ಣಿನೊಳಕ್ಕೇ ಬಿಡುತ್ತದೆ. "ನಮ್ಮ ಗೊಬ್ಬರದ ಸಾರಜನಕ ಎಲ್ಲಾ ಗಾಳಿಗೆ ಹೋಗ್ತಿದೆ, ಟ್ರ್ಯಾಕ್ಟರ್ ಬಾಡಿಗೆ ದಂಡ" ಅನ್ನುತ್ತಾನೆ. ಪಕ್ಕದ ಹೊಲದವರು ಹಸಿ ಸಗಣಿಯನ್ನೇ ಹಾಕಿ ಉತ್ತುಬಿಡಿ, ಏನೂ ಹೋಗಲ್ಲ ಅನ್ನುತ್ತಾರೆ. ಕಳೆದ ವರ್ಷ ಗೋಬರ್ ಗ್ಯಾಸ್ ಹಾಕಿಸಿದೆವು. ಅದರ ಬಗ್ಗಡವನ್ನು ಬಿಸಿಲಿಗೆ ಒಣಗಿಸಿ ಹೊಲಕ್ಕೆ ಹಾಕುತ್ತೇವೆ. ಇಷ್ಟೆಲ್ಲ ಹಾಕಿದರೂ ಒಂದು ತಿಂಗಳಿಗೆ ರಾಗಿ ಹಳದಿ ಬೀಳುತ್ತದೆ. ಯೂರಿಯಾ ಕೊಡದೆ ಗತಿಯಿಲ್ಲ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಗೊಬ್ಬರಗಳಿವೆ. ಒಂದು, ವರ್ಷ ಕೊಳೆತ ತಿಪ್ಪೆ ಗೊಬ್ಬರ. ಇನ್ನೊಂದು, ಪಕ್ಕದವರು ಹೇಳುವ ಹಸಿ ಸಗಣಿ. ಮೂರನೆಯದು ಬಗ್ಗಡ. ಮೂರನ್ನೂ ಹಸುವೇ ಕೊಟ್ಟಿದ್ದು, ನಿಜ. ಆದರೆ ಗಾಳಿಗೆ ಹೋಗುವ ವಿಷಯದಲ್ಲಿ ಮೂರೂ ಬೇರೆ. ನಿಮ್ಮ ಮನೆಯ ವಾದ ಬಗೆಹರಿಯದೇ ಇರುವುದು ಇದಕ್ಕೇ.

ಮಗ ಹೇಳಿದ್ದು ಸುಳ್ಳಲ್ಲ. ಸಾರಜನಕ ಹಾರಿಹೋಗುತ್ತದೆ, ಅದೂ ಸಣ್ಣ ಪ್ರಮಾಣದಲ್ಲಲ್ಲ. ಆದರೆ ಹೋಗುತ್ತಿರುವುದು ಅವನು ಬೆರಳು ತೋರಿಸುತ್ತಿರುವ ಜಾಗದಲ್ಲಲ್ಲ. ಏಪ್ರಿಲಿನಲ್ಲಿ ಗೊಬ್ಬರ ಟ್ರ್ಯಾಕ್ಟರು ಹತ್ತುವ ಹೊತ್ತಿಗೆ ಅದರಲ್ಲಿ ಹಾರುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಹಾರಬೇಕಾದ್ದು ಕೊಟ್ಟಿಗೆಯಲ್ಲಿ, ಮೋರಿಯಲ್ಲಿ, ತಿಪ್ಪೆಯಲ್ಲಿ ಆಗಲೇ ಹಾರಿದೆ.

ಇದು ಅರ್ಥವಾಗಬೇಕಾದರೆ ಸಗಣಿಯನ್ನೂ ಗಂಜಲವನ್ನೂ ಬಿಡಿಸಿ ನೋಡಬೇಕು. ಸಗಣಿಯಲ್ಲಿರುವ ಸಾರಜನಕ ಬಹುಪಾಲು ಜೀರ್ಣವಾಗದ ಮೇವಿನ ಜೊತೆ, ಸೂಕ್ಷ್ಮಜೀವಿಗಳ ಮೈಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದು ಸುಲಭಕ್ಕೆ ಹಾರುವುದಿಲ್ಲ. ಗಂಜಲದ ಕತೆ ಬೇರೆ. ಅದರ ಸಾರಜನಕದಲ್ಲಿ ದೊಡ್ಡ ಪಾಲು ಯೂರಿಯಾ. ಹೌದು, ನೀವು ಅಂಗಡಿಯಿಂದ ಮೂಟೆಯಲ್ಲಿ ತರುವ ಅದೇ ಯೂರಿಯಾ. ಹಸುವಿನ ಮೂತ್ರಕೋಶದೊಳಗೆ ಇರುವತನಕ ಅದು ತೆಪ್ಪಗಿರುತ್ತದೆ. ನೆಲಕ್ಕೆ ಬಿದ್ದು ಸಗಣಿ ತಾಗಿತೋ, ಸಗಣಿಯಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. ಈ ಕೆಲಸ ಕೆಲವು ಗಂಟೆಗಳಲ್ಲೇ ಶುರುವಾಗಿ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಇದೇ.

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಹುಳಿ ಗುಣದ ಕಡೆ ಇದ್ದರೆ ಅಮೋನಿಯಂ ಆಗಿ ಕಟ್ಟಿಹಾಕಿದಂತೆ ಇರುತ್ತದೆ, ಮಣ್ಣಿನ ಜೇಡಿಗೂ ಅಂಟಿಕೊಳ್ಳುತ್ತದೆ. ಸುಣ್ಣದಂಥ ಕ್ಷಾರ ಗುಣ ಏರಿದ ಹಾಗೆ ಅನಿಲವಾಗಿ ಏಳುತ್ತದೆ. ಈ ಹುಳಿ-ಕ್ಷಾರ ಗುಣದ ಅಳತೆಗೆ ಪಿಎಚ್ ಅನ್ನುತ್ತಾರೆ. ಪಿಎಚ್ 7 ಇದ್ದಾಗ ಅನಿಲ ರೂಪದಲ್ಲಿ ಶೇ 1ರಷ್ಟೂ ಇರುವುದಿಲ್ಲ. ಪಿಎಚ್ 8ಕ್ಕೆ ಸುಮಾರು ಶೇ 5. ಪಿಎಚ್ 9ಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಗಂಜಲ ಒಡೆಯುವಾಗ ಪಿಎಚ್ ತಾನಾಗಿಯೇ 9ರ ಹತ್ತಿರ ಹೋಗುತ್ತದೆ. ಮೇಲೆ ಬಿಸಿಲು, ಗಾಳಿ ಸೇರಿದರೆ ಕೇಳಬೇಕೇ?

ನನ್ನ ಮಾತು ನಂಬಬೇಡಿ, ಮನೆಯಲ್ಲೇ ನೋಡಿ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುತ್ತೆ ಅಲ್ವಾ? ಅಮೋನಿಯಾ ತಾಗಿದರೂ ಅರಿಶಿನ ಹಾಗೇ ಕೆಂಪಗಾಗುತ್ತದೆ. ಎರಡು ಗಾಜಿನ ಲೋಟದಲ್ಲಿ ನಿನ್ನೆಯ ಗಂಜಲ ಬೆರೆತ ಸಗಣಿಯನ್ನು ಸ್ವಲ್ಪ ಸ್ವಲ್ಪ ಹಾಕಿ. ಒಂದಕ್ಕೆ ಒಂದು ಹಿಡಿ ಒಲೆ ಬೂದಿ ಬೆರೆಸಿ. ಅರಿಶಿನದ ನೀರಿನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಒದ್ದೆ ಇರುವಾಗಲೇ ಎರಡರ ಬಾಯಿಗೂ ಕಟ್ಟಿ. ಬೂದಿ ಬೆರೆಸಿದ ಲೋಟದ ಬಟ್ಟೆ ಬೇಗ ಕೆಂಪಾಗುವುದನ್ನು ನೋಡುತ್ತೀರಿ. ರೈತರ ಸಭೆಗಳಲ್ಲಿ ನಾನು ಹತ್ತಾರು ಸಲ ಇದನ್ನು ತೋರಿಸಿದ್ದೇನೆ. ಪಿಎಚ್ ಅಂಕಿ ಹೇಳಿದಾಗ ಆಕಳಿಸುತ್ತಿದ್ದವರು ಬಟ್ಟೆ ಕೆಂಪಾದ ಕೂಡಲೇ ಎದ್ದು ಮುಂದೆ ಬರುತ್ತಾರೆ. ಯಾಕೆಂದರೆ ನಮ್ಮ ಕಡೆ ಒಲೆ ಬೂದಿ ಎಲ್ಲಿಗೆ ಹೋಗುತ್ತದೆ? ನೇರ ತಿಪ್ಪೆಗೆ. "ಬೂದಿ ಹಾಕಿದರೆ ಗೊಬ್ಬರ ಚೆನ್ನಾಗಿ ಕೊಳೆಯುತ್ತೆ" ಎಂಬ ಮಾತು ಬೇರೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಅದು ಒಳ್ಳೆಯದೇ. ಆದರೆ ಅದನ್ನು ಬೇರೆ ಇಟ್ಟು ತೆಂಗಿನ ಪಾತಿಗೆ ಹಾಕಿ. ಹಸಿ ಗೊಬ್ಬರದ ಮೇಲೆ ಬೂದಿ, ಸುಣ್ಣ ಎರಡೂ ಬೇಡ.

ಈಗ ನಿಮ್ಮ ಮನೆಯ ಲೆಕ್ಕ ಹಾಕೋಣ. ಅಂದಾಜು ಲೆಕ್ಕವೇ, ಆದರೂ ದಾರಿ ತೋರಿಸುತ್ತದೆ. ಒಂದು ಮಿಶ್ರತಳಿ ಹಸು ದಿನಕ್ಕೆ 15 ಕೆಜಿ ಸಗಣಿ, 8 ಲೀಟರ್ ಗಂಜಲ ಕೊಡುತ್ತದೆ ಅಂದುಕೊಳ್ಳಿ. ಹಸಿ ಸಗಣಿಯಲ್ಲಿ ಸಾರಜನಕ ಸುಮಾರು ಶೇ 0.4, ಗಂಜಲದಲ್ಲಿ ಸುಮಾರು ಶೇ 1. ಅಂದರೆ ಸಗಣಿಯಿಂದ 60 ಗ್ರಾಂ, ಗಂಜಲದಿಂದ 80 ಗ್ರಾಂ. ನಾಟಿ ಹಸುವನ್ನು ಅರ್ಧ ಎಂದು ಹಿಡಿದರೆ ನಿಮ್ಮ ಕೊಟ್ಟಿಗೆಯಲ್ಲಿ ವರ್ಷಕ್ಕೆ ಸುಮಾರು 180 ಕೆಜಿ ಸಾರಜನಕ ಬೀಳುತ್ತದೆ. 45 ಕೆಜಿ ಯೂರಿಯಾ ಮೂಟೆಯಲ್ಲಿ ಇರುವುದು 20.7 ಕೆಜಿ. ಹಾಗಾದರೆ ಎಂಟೂವರೆ ಮೂಟೆ ಆಯಿತು. ಅದರಲ್ಲಿ ಐದು ಮೂಟೆಯಷ್ಟು ಗಂಜಲದ್ದೇ.

ನಿಮ್ಮ ಬೆಳೆಗೆ ಬೇಕಾದ್ದು ಎಷ್ಟು? ಮಳೆ ರಾಗಿಗೆ ಎಕರೆಗೆ 20 ಕೆಜಿ ಸಾರಜನಕ, ಎರಡೂವರೆ ಎಕರೆಗೆ 50 ಕೆಜಿ. ತೆಂಗಿಗೆ ಮರಕ್ಕೆ ವರ್ಷಕ್ಕೆ ಅರ್ಧ ಕೆಜಿಯಂತೆ 25 ಕೆಜಿ. ಒಟ್ಟು 75. ಕೊಟ್ಟಿಗೆಯಲ್ಲಿ 180 ಬೀಳುತ್ತಿದೆ, ಆದರೂ ರಾಗಿ ಹಳದಿ.

ನಿಮ್ಮ ಕೊಟ್ಟಿಗೆ ಹೇಗಿದೆ ಎಂದು ನೀವು ಬರೆದಿಲ್ಲ. ಆದರೆ ಎಚ್‌ಎಫ್ ಹಸು ಕಟ್ಟಿದ ಮೇಲೆ ನಮ್ಮೂರುಗಳ ಕೊಟ್ಟಿಗೆಗಳು ಹೇಗಾಗಿವೆ ಎಂಬುದು ಗೊತ್ತು. ಕೆಳಗೆ ಸಿಮೆಂಟು, ಅದರ ಮೇಲೆ ರಬ್ಬರ್ ಮ್ಯಾಟು. ಹಾಲು ಕರೆಯುವ ಮುಂಚೆ ಪೈಪ್ ಹಿಡಿದು ತೊಳೆಯುವುದು. ಸಗಣಿ ಬಾಚಿ ಮಕ್ಕರಿಗೆ, ಗಂಜಲ ನೀರಿನ ಜೊತೆ ಬೀದಿ ಮೋರಿಗೆ. ಹಾಲಿನ ಶುಚಿಗೆ ಇದು ಒಳ್ಳೆಯದೇ, ತಪ್ಪು ಅನ್ನುತ್ತಿಲ್ಲ. ಆದರೆ ಹಿಂದೆ ಮಣ್ಣಿನ ನೆಲ, ಸೊಪ್ಪು, ಹೊಟ್ಟು ಇದ್ದಾಗ ಅವು ಗಂಜಲವನ್ನು ಕುಡಿದು ತಿಪ್ಪೆಗೆ ತರುತ್ತಿದ್ದವು. ಮಲೆನಾಡಿನ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಹಾಸುತ್ತಿದ್ದುದರ ಹಿಂದೆಯೂ ಇದೇ ಲೆಕ್ಕ. ನಮ್ಮ ತಂದೆಯ ಕಾಲದ ಹಾಗೇ ಗೊಬ್ಬರ ಹೊಡೆಸುತ್ತೇನೆ ಅಂದಿರಿ. ಹೊಡೆಸುವುದು ಹಾಗೇ ಇರಬಹುದು, ಗೊಬ್ಬರ ಮಾತ್ರ ಅದಲ್ಲ.

ಗಂಜಲ ಮೋರಿಗೆ ಹೋದರೆ ನಿಮ್ಮ ಕೈಗೆ ಉಳಿಯುವುದು ಸಗಣಿಯ 75–80 ಕೆಜಿ. ತಿಪ್ಪೆಯಲ್ಲಿ ಬಿಸಿಲು, ಗಾಳಿ, ಮಳೆಗೆ ಬಿಟ್ಟರೆ ಅದರಲ್ಲೂ ಮೂರನೇ ಒಂದು ಭಾಗ ಹೋಗುವುದು ದೊಡ್ಡ ಮಾತಲ್ಲ. ಉಳಿದ 50 ಕೆಜಿಯಲ್ಲಿ ಮೊದಲ ಬೆಳೆಗೆ ಸಿಗುವುದು ಸುಮಾರು ಶೇ 30. ಅಂದರೆ 15 ಕೆಜಿ. ಎಕರೆಗೆ 6 ಕೆಜಿ. ಬೇಕಾದ್ದು 20. ರಾಗಿ ಹಳದಿಯಾಗದೆ ಏನಾಗುತ್ತದೆ?

ಇಲ್ಲಿ ಎರಡು ಸಂಗತಿ ಬೆರೆತು ಹೋಗುತ್ತವೆ. ಹಾರಿಹೋದ ಸಾರಜನಕ ಒಂದು, ಗೊಬ್ಬರದಲ್ಲಿ ಇದ್ದೂ ಈ ಬೆಳೆಗೆ ಸಿಗದ ಸಾರಜನಕ ಇನ್ನೊಂದು. ಎರಡನೆಯದು ನಷ್ಟವಲ್ಲ. ಅದು ಮಣ್ಣಿನಲ್ಲಿ ಕೂತು ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪ ಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಒಂದೇ ಹೊಲದಲ್ಲಿ ಮಳೆ ರಾಗಿ ಬೆಳೆದು ನೋಡಿದ್ದಾರೆ. ಬರೀ ರಾಸಾಯನಿಕ ಗೊಬ್ಬರದ ತಾಕಿನಲ್ಲಿ ಇಳುವರಿ ಇಳಿಯುತ್ತಾ ಬಂತು. ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕ ಸೇರಿಸಿದ ತಾಕು ನಿಂತುಕೊಂಡಿತು. ಹಾಗಾಗಿ ಟ್ರ್ಯಾಕ್ಟರ್ ಬಾಡಿಗೆ ದಂಡ ಅನ್ನುವುದು ತಪ್ಪು. ಸಾರಜನಕ ಕಡಿಮೆಯಾದ ಗೊಬ್ಬರವೂ ಕೆಂಪು ಮಣ್ಣಿಗೆ ತೇವ ಹಿಡಿಯುವ ಶಕ್ತಿ ಕೊಡುತ್ತದೆ, ರಂಜಕ ಕೊಡುತ್ತದೆ.

ಇನ್ನು ಆ ಸಣ್ಣ ಗುಡ್ಡೆಗಳು. ಚೆನ್ನಾಗಿ ಕೊಳೆತ ಕಪ್ಪು ಗೊಬ್ಬರದಲ್ಲಿ ಅಮೋನಿಯಂ ರೂಪದ ಸಾರಜನಕ ಹತ್ತರಲ್ಲಿ ಒಂದು ಪಾಲಿರಬಹುದು, ಅಷ್ಟೇ. ಅದೆಲ್ಲಾ ಹಾರಿದರೂ ಉಳಿದ ಒಂಬತ್ತು ಪಾಲು ಅಲ್ಲೇ ಇರುತ್ತದೆ. ಗಾಳಿಯ ಮಟ್ಟಿಗೆ ಗುಡ್ಡೆ ಅಷ್ಟು ದೊಡ್ಡ ಅಪರಾಧಿಯಲ್ಲ. ಗುಡ್ಡೆಯ ತೊಂದರೆ ಮಳೆಯಲ್ಲಿದೆ. ಭರಣಿ, ಕೃತ್ತಿಕೆ ಮಳೆ ಜೋರಾಗಿ ಬಿದ್ದರೆ ಗುಡ್ಡೆಯಿಂದ ಪೊಟ್ಯಾಷೂ ಕರಗುವ ಸಾರಜನಕವೂ ತೊಳೆದು ಅದರ ಬುಡಕ್ಕೇ ಇಳಿಯುತ್ತವೆ. ರಾಗಿ ಬಂದಾಗ ಗುಡ್ಡೆ ಇದ್ದ ಜಾಗದಲ್ಲಿ ಪೈರು ಕಪ್ಪಗೆ, ಮೊಣಕಾಲೆತ್ತರ; ಸುತ್ತ ಮಾತ್ರ ಬಡಕಲು. ಈ ವೃತ್ತಗಳನ್ನು ನಿಮ್ಮ ಹೊಲದಲ್ಲೂ ನೋಡಿರುತ್ತೀರಿ. ಟ್ರ್ಯಾಕ್ಟರು ಏಪ್ರಿಲಿನಲ್ಲೇ ಸಿಗುವುದು ಅನ್ನುವುದಾದರೆ ಮೂವತ್ತು ನಲವತ್ತು ಗುಡ್ಡೆ ಬೇಡ. ಬದುವಿನ ಪಕ್ಕ ನೆರಳಿರುವ ಕಡೆ ಒಂದೇ ದೊಡ್ಡ ಗುಡ್ಡೆ ಹಾಕಿಸಿ, ಮೇಲೆ ಮಣ್ಣು ಎಳೆದು ತೆಂಗಿನ ಗರಿ ಹೊದಿಸಿ. ಉಳುವ ದಿನ ಅಲ್ಲಿಂದ ಹೊತ್ತು ಎರಚಿ. ಆಳಿನ ಕೆಲಸ ಜಾಸ್ತಿಯಾಗುತ್ತದೆ, ಒಪ್ಪುತ್ತೇನೆ. ಆಳು ಸಿಗದಿದ್ದರೆ ಗುಡ್ಡೆ ಪದ್ಧತಿಯನ್ನೇ ಇಟ್ಟುಕೊಳ್ಳಿ, ಆದರೆ ಹೊಡೆಸುವುದನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚಿನವರೆಗೆ ತಳ್ಳಿ.

ಪಕ್ಕದ ಹೊಲದವರ ಹಸಿ ಸಗಣಿಗೆ ಬರೋಣ. ಉತ್ತು ಮುಚ್ಚಿದರೆ ಗಾಳಿಗೆ ಕಡಿಮೆ ಹೋಗುತ್ತದೆ ಎಂಬಷ್ಟು ಮಾತ್ರ ಸರಿ. ಆದರೆ ಬೇರೆ ತಾಪತ್ರಯಗಳಿವೆ. ಹಸಿ ಸಗಣಿಯ ಜೊತೆ ಮೇವಿನ ಕಡ್ಡಿ, ಹೊಟ್ಟು ಹೋಗುತ್ತದೆ. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತವೆ. ಆಗ ಎಳೆ ರಾಗಿ ಇನ್ನೂ ಹಳದಿ. ಕಳೆಬೀಜ ಸಾಯದೆ ಹೊಲಕ್ಕೆ ಬರುತ್ತದೆ. ಗೆದ್ದಲು, ಗೊಣ್ಣೆಹುಳು ಬರುತ್ತವೆ. ಬಿತ್ತನೆಗೆ ಎರಡು ತಿಂಗಳು ಮುಂಚೆ ಹಾಕಿ ಉತ್ತು, ನಡುವೆ ಒಂದೆರಡು ಮಳೆ ಬಿದ್ದರೆ ನಡೆಯುತ್ತದೆ. ಬಿತ್ತನೆ ಹತ್ತಿರವಿದ್ದಾಗ ಬೇಡ. ಅಷ್ಟು ಮುಂಚೆ ಹಾಕಿದರೂ ಒಂದು ಅಪಾಯವಿದೆ. ಹೊಲದಲ್ಲಿ ಬೆಳೆಯಿಲ್ಲದಾಗ ಅಮೋನಿಯಂ ನೈಟ್ರೇಟ್ ಆಗಿ ಬದಲಾಗುತ್ತದೆ. ಜೋರು ಮಳೆ ಬಂದರೆ ಅದು ಬೇರಿಗೆ ಸಿಗದ ಆಳಕ್ಕೆ ಇಳಿದು ಬಾವಿ ನೀರು ಸೇರಬಹುದು. ಗಾಳಿಯಿಂದ ಉಳಿಸಿದ್ದನ್ನು ನೀರಿಗೆ ಕೊಟ್ಟಂತೆ ಆಗುತ್ತದೆ.

ಅಂದ ಹಾಗೆ, "ಗಾಳಿಯಲ್ಲಿ ಶೇ 78 ಸಾರಜನಕವೇ ಇದೆ, ಹೋದರೆ ಹೋಗಲಿ, ಮಳೆಯಲ್ಲಿ ವಾಪಸ್ ಬರುತ್ತೆ" ಎಂಬ ಮಾತೂ ಕೇಳಿಬರುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ರಾಗಿ ಮುಟ್ಟಲಾರದು. ರಾಗಿಯ ನಡುವೆ ಹಾಕುವ ಅಕ್ಕಡಿ ಸಾಲಿನ ಅವರೆ, ತೊಗರಿ, ಅಲಸಂದೆಗಳ ಬೇರಿನ ಗಂಟಿನಲ್ಲಿರುವಂಥ ಕೆಲವು ಬ್ಯಾಕ್ಟೀರಿಯಾಗಳಿಗೆ ಮಾತ್ರ ಅದು ಸಾಧ್ಯ. ಹಾರಿದ ಅಮೋನಿಯಾ ಮಳೆಯ ಜೊತೆ ಕೆಳಗೆ ಬೀಳುವುದು ನಿಜ. ಆದರೆ ನಿಮ್ಮ ಹೊಲಕ್ಕೇ ಬೀಳಬೇಕಲ್ಲ!

ಎಲ್ಲೆಲ್ಲೋ ಬೀಳುವುದೇ ಹಾಲೆಂಡಿನವರ ತಲೆನೋವು. ಸಣ್ಣ ದೇಶ, ಜಾನುವಾರು ವಿಪರೀತ. ಅಮೋನಿಯಾ ಹಾರಿ ಅವರ ಕಾಡು, ಕುರುಚಲು ಬಯಲುಗಳಿಗೆ ಬಿದ್ದು ಅಲ್ಲಿನ ಸೂಕ್ಷ್ಮ ಗಿಡಗಳು ಸೋತು ಹುಲ್ಲು ಹಬ್ಬಿತು. 2019ರಲ್ಲಿ ಅಲ್ಲಿನ ಉನ್ನತ ನ್ಯಾಯಪೀಠ ಸರ್ಕಾರದ ಸಾರಜನಕ ಯೋಜನೆಯನ್ನೇ ತಳ್ಳಿಹಾಕಿತು. ಅದೇ ವರ್ಷ ರೈತರು ಟ್ರ್ಯಾಕ್ಟರು ತಂದು ಹೆದ್ದಾರಿ ತುಂಬಿದರು. ಮಗ ತೋರಿಸಿದ ಯಂತ್ರ ಬಿಡುವುದು ಸಗಣಿ ಗಂಜಲ ಕಲಸಿದ ತೆಳು ಬಗ್ಗಡ. ಅದರ ಸಾರಜನಕದಲ್ಲಿ ಅರ್ಧದಷ್ಟು ಹಾರಬಲ್ಲ ಅಮೋನಿಯಂ. ಸುಮ್ನೆ ಮೇಲೆ ಚೆಲ್ಲಿದರೆ ಆ ಅಮೋನಿಯಂನಲ್ಲೂ ಅರ್ಧದಷ್ಟು ಹಾರಿಹೋಗುತ್ತದೆ, ಬಹುಪಾಲು ಮೊದಲ ದಿನವೇ. ಹಾಗಾಗಿ ಅವರಿಗೆ ಆ ಯಂತ್ರ ಬೇಕು. ಡೆನ್ಮಾರ್ಕಿನಲ್ಲಂತೂ ಬಗ್ಗಡವನ್ನು ಮೇಲಿಂದ ಚಿಮ್ಮಿಸುವುದಕ್ಕೇ 2003ರಲ್ಲಿ ನಿಷೇಧ ಹಾಕಿದರು. ನಿಮ್ಮ ಕಪ್ಪು ತಿಪ್ಪೆ ಗೊಬ್ಬರಕ್ಕೆ ಆ ಯಂತ್ರ ಬೇಡ.

ಆದರೆ ನಿಮ್ಮ ಗೋಬರ್ ಗ್ಯಾಸ್ ಬಗ್ಗಡಕ್ಕೆ ಅವರ ಬುದ್ಧಿ ಬೇಕು. ಇಲ್ಲಿ ನಿಮ್ಮ ಮಗನ ಮಾತು ಪೂರ್ತಿ ಸರಿ. ಗ್ಯಾಸ್ ಗುಂಡಿಯಲ್ಲಿ ಸಾರಜನಕ ಕಡಿಮೆಯಾಗುವುದಿಲ್ಲ. ಆದರೆ ಅಮೋನಿಯಂ ಪಾಲು ಏರುತ್ತದೆ, ಪಿಎಚ್ಚೂ ಏರುತ್ತದೆ. ಬೆಳೆಗೆ ಬೇಗ ಸಿಗುವ ಗೊಬ್ಬರ ಅದು, ಬೇಗ ಹಾರುವ ಗೊಬ್ಬರವೂ ಅದೇ. ಅದನ್ನು ಬಿಸಿಲಿಗೆ ಒಣಗಿಸುವುದು ಅಂದರೆ ಬೆಲೆಬಾಳುವ ಭಾಗವನ್ನು ಗಾಳಿಗೆ ಬಿಟ್ಟು ಚರಟವನ್ನು ಹೊಲಕ್ಕೆ ಹೊತ್ತಂತೆ. ಸಾಗಿಸಲು ಸುಲಭ ಅಂತ ಒಣಗಿಸುತ್ತೀರಿ, ಗೊತ್ತು. ಅದರ ಬದಲು ಹೀಗೆ ಮಾಡಬಹುದು. ತೆಂಗಿನ ಪಾತಿಯಲ್ಲಿ ಮಣ್ಣು ಸ್ವಲ್ಪ ಕೆದರಿ, ಒಂದಕ್ಕೊಂದು ನೀರು ಬೆರೆಸಿದ ಬಗ್ಗಡ ಸುರಿದು, ಇಂಗಿದ ಮೇಲೆ ಮಣ್ಣು ಎಳೆದುಬಿಡಿ. ದಿನಕ್ಕೆ ಒಂದೆರಡು ಮರದಂತೆ ಸರದಿ ಇಟ್ಟುಕೊಳ್ಳಿ. ನೇಪಿಯರ್ ಹುಲ್ಲು ಇದ್ದರೆ ಕೊಯ್ದ ಮರುದಿನ ಸಾಲಿನ ನಡುವೆ ಗೀರು ಹಾಕಿ ಬಿಟ್ಟು ಮುಚ್ಚಿ. ಆ ಲಕ್ಷಾಂತರ ರೂಪಾಯಿಯ ಯಂತ್ರ ಮಾಡುವ ಕೆಲಸವನ್ನೇ ಗುದ್ದಲಿಯಲ್ಲಿ ಮಾಡಿದ ಹಾಗಾಯಿತು. ನೀರು ಬೆರೆಸುವುದೂ ಸುಮ್ನೆ ಅಲ್ಲ. ತೆಳುವಾದಷ್ಟೂ ಬೇಗ ಇಂಗುತ್ತದೆ, ಗಾಳಿಗೆ ಸಿಗುವುದು ಕಡಿಮೆ. ಮಳೆಗಾಲದಲ್ಲಿ ಪಾತಿ ತೇವವಿದ್ದಾಗ ಬಗ್ಗಡವನ್ನು ಗೊಬ್ಬರ ಗುಂಡಿಗೇ ತಿರುಗಿಸಿ. ಒಣ ಎಲೆ, ಕಡ್ಡಿ ಅದನ್ನು ಹೀರಿಕೊಳ್ಳುತ್ತವೆ.

ಈಗ ಮುಖ್ಯವಾದ ಕೆಲಸ, ಕೊಟ್ಟಿಗೆ. ನನ್ನನ್ನು ಕೇಳಿದರೆ ನಿಮ್ಮ ದುಡ್ಡು, ಶ್ರಮ ಎರಡೂ ಮೊದಲು ಇಲ್ಲಿಗೇ ಹೋಗಲಿ. ಸಿಮೆಂಟು ನೆಲಕ್ಕೆ ಸ್ವಲ್ಪ ಇಳಿಜಾರು ಇದ್ದೇ ಇರುತ್ತದೆ. ಅದರ ತುದಿಯ ಕಾಲುವೆಯನ್ನು ಮೋರಿಗೆ ಬಿಡದೆ ಒಂದು ತೊಟ್ಟಿಗೋ ನೆಲದಲ್ಲಿ ಹೂತ 200 ಲೀಟರಿನ ಡ್ರಮ್ಮಿಗೋ ತಿರುಗಿಸಿ, ಮುಚ್ಚಳ ಇಡಿ. ಪೈಪ್ ಹಿಡಿಯುವ ಮುಂಚೆ ಸಗಣಿ ಬಾಚಿ, ಆಮೇಲೆ ಕಡಿಮೆ ನೀರಿನಲ್ಲಿ ತೊಳೆಯಿರಿ. ಇಲ್ಲದಿದ್ದರೆ ಡ್ರಮ್ಮು ಒಂದೇ ದಿನಕ್ಕೆ ತುಂಬುತ್ತದೆ. ಗಂಜಲ ತಾಜಾ ಇರುವಾಗಲೇ ಅದರ ಹತ್ತು ಪಟ್ಟು ನೀರು ಬೆರೆಸಿ ಹುಲ್ಲಿಗೆ, ತೆಂಗಿಗೆ ಬಿಡಬಹುದು. ನೀರು ಬೆರೆಸದೆ ಎಳೆ ಗಿಡದ ಬುಡಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ.

ಡ್ರಮ್ಮಿನ ಗೋಜು ಬೇಡ ಅನ್ನುವವರಿಗೆ ಇನ್ನೊಂದು ದಾರಿ, ಹಾಸು. ತಿಪಟೂರಿನವರಿಗೆ ನಾರಿನ ಪುಡಿ ಹೇಳಿಕೊಡಬೇಕೇ? ತೆಂಗಿನ ನಾರು ಮಾಡುವ ಕಡೆಯೆಲ್ಲ ರಾಶಿ ಬಿದ್ದಿರುತ್ತದೆ. ಅದು ತನ್ನ ತೂಕದ ಐದಾರು ಪಟ್ಟು ನೀರು ಕುಡಿಯುತ್ತದೆ, ಸ್ವಲ್ಪ ಹುಳಿ ಗುಣವೂ ಇದೆ. ಹಸು ನಿಲ್ಲುವ ಹಿಂಭಾಗದ ಕಾಲುವೆಯಲ್ಲಿ ಹರಡಿ, ಒದ್ದೆಯಾದದ್ದನ್ನು ದಿನಾ ಬಾಚಿ ಗುಂಡಿಗೆ ಹಾಕಿ. ನಾರಿನ ಪುಡಿಯನ್ನು ಹಾಗೇ ಹೊಲಕ್ಕೆ ಹಾಕಿದರೆ ಬೆಳೆಯ ಸಾರಜನಕ ಕಸಿದುಕೊಳ್ಳುತ್ತದೆ, ಯಾಕೆಂದರೆ ಅದರಲ್ಲಿ ಇಂಗಾಲ ನೂರು ಪಟ್ಟು ಜಾಸ್ತಿ. ಗಂಜಲ ಕುಡಿದ ಮೇಲೆ ಅದೇ ದೋಷ ಗುಣವಾಗುತ್ತದೆ. ರಾಗಿ ಹೊಟ್ಟು, ಒಣ ಎಲೆ, ಕೆರೆ ಗೋಡು ಕೂಡ ನಡೆಯುತ್ತವೆ. ಗೋಡಿನ ಜೇಡಿ ಅಮೋನಿಯಂ ಹಿಡಿದಿಟ್ಟುಕೊಳ್ಳುವುದರಲ್ಲಿ ಗಟ್ಟಿಗ.

ತಿಪ್ಪೆಯನ್ನು ಗುಡ್ಡೆ ಮಾಡುವ ಬದಲು ಗುಂಡಿ ಮಾಡಿ. 20 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳ ಸಾಕು. ಪೂರ್ತಿ ಗುಂಡಿಗೆ ತೆಳುವಾಗಿ ಹರಡುತ್ತಾ ಹೋಗಬೇಡಿ. ಒಂದು ತುದಿಯಿಂದ ಮೂರು ಅಡಿ ಉದ್ದದ ಭಾಗವನ್ನು ಮಾತ್ರ ತುಂಬಿ, ನೆಲದ ಮೇಲೆ ಒಂದೂವರೆ ಅಡಿ ಎತ್ತರ ಬಂದಾಗ ಗೋಪುರದಂತೆ ಮಾಡಿ ಸಗಣಿ ಮಣ್ಣು ಕಲಸಿ ಬಳಿಯಿರಿ. ಆಮೇಲೆ ಪಕ್ಕದ ಮೂರು ಅಡಿ. ಹೀಗೆ ತುಂಬಿದ ಭಾಗ ನಾಲ್ಕೈದು ತಿಂಗಳಿಗೆ ಹಣ್ಣಾಗುತ್ತದೆ. ಪದೇ ಪದೇ ತಿರುವಿ ಹಾಕುವ ಪದ್ಧತಿಯಲ್ಲಿ ಗೊಬ್ಬರ ಬೇಗ ಆಗುತ್ತದೆ, ಆದರೆ ತಿರುವಿದಷ್ಟೂ ಅಮೋನಿಯಾ ಏಳುತ್ತದೆ. ಮುಚ್ಚಿ ಬಿಡುವ ವಿಧಾನ ನಿಧಾನ, ಸಾರ ಉಳಿಯುತ್ತದೆ. ಜಗತ್ತಿನ ಕಾಂಪೋಸ್ಟ್ ಪುಸ್ತಕಗಳಲ್ಲಿ ಮಣ್ಣು ಬಳಿದು ಮುಚ್ಚುವ ಒಂದು ಕ್ರಮಕ್ಕೆ "ಬೆಂಗಳೂರು ವಿಧಾನ" ಎಂದೇ ಹೆಸರು. 1930ರ ದಶಕದ ಕೊನೆಯಲ್ಲಿ ಆಚಾರ್ಯ ಎಂಬ ವಿಜ್ಞಾನಿ ಬೆಂಗಳೂರಿನಲ್ಲಿ ರೂಪಿಸಿದ್ದು. ನಮ್ಮದೇ ಊರಿನ ಹೆಸರಿನ ವಿಧಾನ ನಮ್ಮಲ್ಲೇ ಕಾಣುವುದು ಅಪರೂಪ.

ಗುಂಡಿಗೆ ದಿನಕ್ಕೆ ಹಸುವಿಗೆ ಅರ್ಧ ಕೆಜಿಯಂತೆ ಸಿಂಗಲ್ ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರ ಎರಚಿದರೆ ಅದರ ಹುಳಿ ಗುಣ ಮತ್ತು ಜಿಪ್ಸಮ್ ಅಮೋನಿಯಾವನ್ನು ಕಟ್ಟಿಹಾಕುತ್ತವೆ. ಪುಸ್ತಕದ ಪ್ರಮಾಣ ಇದು. ದಿನಾ ಹಾಕಿದರೆ ಖರ್ಚು ಕೈ ಮೀರುತ್ತದೆ. ರಾಗಿಗೆ ಹೇಗೂ ರಂಜಕ ಕೊಡಬೇಕಲ್ಲ, ಆ ಪಾಲನ್ನೇ ಗುಂಡಿಗೆ ಹಾಕಿ, ಹೊಲದಲ್ಲಿ ಅಷ್ಟು ಕಡಿಮೆ ಮಾಡಿ. ಕೊಟ್ಟಿಗೆಯ ನೆಲಕ್ಕೆ ಹಾಕಬೇಡಿ, ಹಸು ನೆಕ್ಕಬಾರದು.

ಗುಂಡಿಗೂ ಅಪಾಯಗಳಿವೆ. ಮಳೆ ನೀರು ನುಗ್ಗಿದರೆ ಎಲ್ಲ ಸಾರ ತೊಳೆದು ಹೋಗುತ್ತದೆ, ಸುತ್ತ ಒಂದಡಿ ಏರಿ ಕಟ್ಟಿ. ತೆಂಗು ಇರುವ ಕಡೆ ಗೊಬ್ಬರ ಗುಂಡಿ ಅಂದರೆ ಸುಳಿ ಕೊರೆಯುವ ಕೊಂಬಿನ ದುಂಬಿಗೆ ಹೆರಿಗೆ ಮನೆ. ಗೊಬ್ಬರ ತೆಗೆಯುವಾಗ ದಪ್ಪ ಬಿಳಿ ಹುಳು ಕಂಡರೆ ಆರಿಸಿ ಕೊಲ್ಲಿ. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರದ ಪುಡಿ ಸಿಗುತ್ತದೆ, ಅದನ್ನು ಗುಂಡಿಗೆ ಬೆರೆಸಬಹುದು. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಗೋಬರ್ ಗ್ಯಾಸ್ ಗುಂಡಿಗೆ, ಮುಚ್ಚಿದ ಬಗ್ಗಡದ ತೊಟ್ಟಿಗೆ ಯಾವ ಕಾರಣಕ್ಕೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಅಲ್ಲಿ ತುಂಬುವ ವಿಷಾನಿಲ ಎರಡು ಉಸಿರಿಗೆ ಆಳನ್ನು ಕೆಡವುತ್ತದೆ. ಎತ್ತಲು ಇಳಿದವರೂ ಮೇಲೆ ಬರುವುದಿಲ್ಲ.

ಇಷ್ಟು ಮಾಡಿದಾಗ ನಿಮ್ಮ ಗೊಬ್ಬರ ಮೊದಲಿನ ಗೊಬ್ಬರವಾಗಿರುವುದಿಲ್ಲ. ಗಂಜಲ ಕುಡಿದ ಗೊಬ್ಬರದಲ್ಲಿ ಹಾರುವ ಭಾಗ ಜಾಸ್ತಿ. ಈಗ ಮಗ ಹೇಳಿದ ಎಚ್ಚರ ಹೊಲದಲ್ಲೂ ಬೇಕಾಗುತ್ತದೆ. ಬಗ್ಗಡ ಚೆಲ್ಲಿದ ಕೂಡಲೇ ನೇಗಿಲು ಹೊಡೆದು ಮುಚ್ಚಿದರೆ ಹಾರುವುದರಲ್ಲಿ ಶೇ 90ರಷ್ಟು ಉಳಿಯುತ್ತದೆ. ಚೆಲ್ಲಿದ ನಾಲ್ಕು ತಾಸಿನೊಳಗೆ ಮುಚ್ಚಿದರೆ ಅರ್ಧದಷ್ಟು. ಮರುದಿನ ಉತ್ತರೆ ಶೇ 30 ಉಳಿದರೆ ಹೆಚ್ಚು. ಇವು ಯುರೋಪಿನ ತಂಪು ಹವೆಯ ಅಂಕಿಗಳು, ನಮ್ಮ ಬಿಸಿಲಿಗೆ ಗಡಿಯಾರ ಇನ್ನೂ ಜೋರಾಗಿ ಓಡುತ್ತದೆ. ಆದ್ದರಿಂದ ಇಡೀ ಹೊಲ ಎರಚಿ ನಾಳೆ ಉಳೋಣ ಅನ್ನಬೇಡಿ. ಇವತ್ತು ಉಳುವಷ್ಟನ್ನೇ ಇವತ್ತು ಎರಚಿ. ಸಂಜೆ ಹೊತ್ತು ಅಥವಾ ಮೋಡದ ದಿನ ಒಳ್ಳೆಯದು. ಟಿಲ್ಲರ್ ಇಲ್ಲದಿದ್ದರೆ ಕುಂಟೆ ಹೊಡೆದರೂ ಪರವಾಗಿಲ್ಲ, ಎರಡು ಮೂರು ಇಂಚು ಮಣ್ಣು ಮೇಲೆ ಬಂದರೆ ಸಾಕು.

ಹಸುವಿನ ಮೇವಿನ ಕಡೆಗೂ ಒಂದು ಕಣ್ಣಿರಲಿ. ತಿಂದ ಸಾರಜನಕದಲ್ಲಿ ಹಾಲಿಗೆ ಹೋಗುವುದು ಸುಮಾರು ಕಾಲು ಭಾಗ. ಹಾಲು ಜಾಸ್ತಿಯಾಗಲಿ ಅಂತ ಹಿಂಡಿ ಮೇಲೆ ಹಿಂಡಿ ಹಾಕಿದರೆ ಹೆಚ್ಚಾದದ್ದು ಗಂಜಲದಲ್ಲಿ ಯೂರಿಯಾ ಆಗಿ ಹೊರಗೆ ಬರುತ್ತದೆ. ಹಿಂಡಿಯ ರೇಟಿನಲ್ಲಿ ಯೂರಿಯಾ ಕೊಂಡ ಹಾಗೆ!

ರೇಟಿನ ಮಾತು ಬಂತು. ಯೂರಿಯಾ ಮೂಟೆ 266 ರೂಪಾಯಿ ಐವತ್ತು ಪೈಸೆ. ಎಂಟೂವರೆ ಮೂಟೆ ಅಂದರೂ 2,300 ರೂಪಾಯಿ ಆಗಲ್ಲ, ಅದಕ್ಕೆ ಇಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸಬ್ಸಿಡಿ ಯೂರಿಯಾದ ಜೊತೆ ಹೋಲಿಸಿದರೆ ಆಳಿನ ಕೂಲಿಯೇ ಜಾಸ್ತಿ. ಆದರೆ ಗಂಜಲದಲ್ಲಿ ಸಾರಜನಕಕ್ಕಿಂತ ಪೊಟ್ಯಾಷ್ ಹೆಚ್ಚು, ಸುಮಾರು ಶೇ 1.35. ಅದು ಹಾರುವುದಿಲ್ಲ, ಮೋರಿಗೆ ಹರಿಯುತ್ತದೆ. ನಿಮ್ಮ ಹಸುಗಳ ಗಂಜಲದಲ್ಲಿ ವರ್ಷಕ್ಕೆ 130 ಕೆಜಿಗೂ ಮೀರಿ ಪೊಟ್ಯಾಷ್ ಇದೆ. ನಿಮ್ಮ 50 ತೆಂಗಿಗೆ ಬೇಕಾದ್ದು ಮರಕ್ಕೆ 1,200 ಗ್ರಾಂನಂತೆ 60 ಕೆಜಿ. ಪೊಟ್ಯಾಷ್ ಮೂಟೆಯ ಬೆಲೆ ಯೂರಿಯಾದ ಹಲವು ಪಟ್ಟು. ಕೊಟ್ಟಿಗೆಯ ಕಾಲುವೆ ತಿರುಗಿಸಿದ ಖರ್ಚು ಬರುವುದು ಇಲ್ಲಿಂದ.

ಯೂರಿಯಾವನ್ನು ಈ ವರ್ಷವೇ ನಿಲ್ಲಿಸಬೇಡಿ. ಹೊಸ ಗೊಬ್ಬರದ ಬಲ ನೋಡದೆ ನಿಲ್ಲಿಸಿ ಬೆಳೆ ಕಳೆದುಕೊಂಡವರನ್ನು ನೋಡಿದ್ದೇನೆ. ಕೊಡುವಾಗಲೂ ಒಣ ನೆಲದ ಮೇಲೆ ಚೆಲ್ಲಬೇಡಿ, ಗಂಜಲಕ್ಕೆ ಆದದ್ದೇ ಅದಕ್ಕೂ ಆಗುತ್ತದೆ. ಬೇವು ಲೇಪಿಸಿದೆ, ಹಾರಲ್ಲ ಎಂದು ಕೆಲವರು ತಿಳಿದಿದ್ದಾರೆ. ಬೇವು ನೈಟ್ರೇಟ್ ಆಗುವುದನ್ನು ನಿಧಾನ ಮಾಡುತ್ತದೆ, ಅಮೋನಿಯಾ ಏಳುವುದನ್ನು ತಡೆಯುವುದಿಲ್ಲ. ಮಣ್ಣು ತೇವವಿದ್ದಾಗ ಹಾಕಿ, ಹಿಂದೆಯೇ ಕುಂಟೆ ಹೊಡೆಯಿರಿ.

ಗುಂಡಿಯ ಮೊದಲ ಗೊಬ್ಬರ ಹಾಕಿದ ವರ್ಷ ಹೊಲದ ನಡುವೆ ಹತ್ತು ಅಡಿ ಅಗಲದ ಒಂದು ಪಟ್ಟಿಗೆ ಮೇಲುಗೊಬ್ಬರದ ಯೂರಿಯಾ ಕೊಡಬೇಡಿ. ನಾಲ್ಕು ಮೂಲೆಗೂ ಗೂಟ ನೆಡಿ. ಬದುವಿನ ಪಕ್ಕ ಬೇಡ, ಅಲ್ಲಿ ನೆರಳಿನ ಲೆಕ್ಕ ಸೇರುತ್ತದೆ. ಮೊದಲು ಗುಡ್ಡೆ ಇದ್ದ ಜಾಗವೂ ಬೇಡ. ತೆನೆ ಬಂದಾಗ ಆ ಪಟ್ಟಿಯ ಮತ್ತು ಪಕ್ಕದ ಪಟ್ಟಿಯ ರಾಗಿಯನ್ನು ಬೇರೆ ಬೇರೆ ಕೊಯ್ದು, ಬಡಿದು, ತೂಗಿ. ಎರಡರ ತೂಕ ಹತ್ತಿರ ಹತ್ತಿರ ಇದ್ದರೆ ಮರುವರ್ಷ ಅರ್ಧ ಹೊಲಕ್ಕೆ ಯೂರಿಯಾ ನಿಲ್ಲಿಸಿ ನೋಡಿ. ತೂಗುವ ಕೆಲಸ ಮಗನಿಗೇ ಬಿಡಿ.